ಬ್ಯಾಟರಿ ಗಾಡಿಗೆ ಬೋರಿನ ನೀರು ಹಾಕಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ವಿಜಯಪುರದಾಗ ಈಗ ಬ್ಯಾಟರಿ ಆಟೋ ಭಾಳ ಆಗ್ಯಾವ, ಒಂದ ಕಾಲಕ್ಕ ಬರೇ ಟಾಂಗಾ ಇರ್ತಿದ್ದ ಊರಿದು. ದೊಡ್ಡ ದೊಡ್ಡ ಕ್ಯಾಂಪಸ್ಸಿನೊಳಗ ವಯಸ್ಸಾದವರನ್ನ ಕೂಡಿಸ್ಕೊಂಡು ಅಡ್ಡಾಡೋ ಗಾಲ್ಫ್ ಗಾಡಿ ಇರ್ತಾವಲ್ಲ, ಅದಕ್ಕೂ ಈ ಆಟೋಕ್ಕೂ ಹೊಟ್ಟ್ಯಾಗ ಇರೋದು ಹೆಚ್ಚಾಗಿ ಒಂದ ಜಾತಿ, ಅದ ಹಳೇ ಸೀಸದ ಆಸಿಡ್ ಬ್ಯಾಟರಿ. ಗಾಲ್ಫ್ ಗಾಡಿಗೆ 6 ವೋಲ್ಟಿನ ಆರು ಜೋಡಿಸಿ 36 ವೋಲ್ಟ್ ಮಾಡ್ತಾರ, ಆಟೋಕ್ಕ 12 ವೋಲ್ಟಿನ ನಾಕು ಕೂಡಿಸಿ 48. ನಾನು ಬ್ಯಾಟರಿ ಕೆಲಸ ಮಾಡಾಂವ, ದಿನಾ ಇವನ್ನ ನೋಡ್ತೀನಿ, ನೋಡಿ ನೋಡಿ ಸಾಕಾಗಿ ಈ ಪತ್ರ ಬರ್ಯಾಕತ್ತೀನಿ.

ಮೊದಲನೇದು ಚಾರ್ಜಿಂಗ್ ಜಾಗಾ. ರಾತ್ರಿ ಗಾಡಿ ಕಳುವಾಗ್ತದಂತ ಒಳಗ ತಗೊಂಡು, ಕದಾ ಹಾಕ್ಕೊಂಡು, ಬಾಜೂಕ ಹಾಸಿಗಿ ಹಾಸ್ಕೊಂಡು ಮಕ್ಕೊಳ್ಳೋರು ಅದಾರ್ರಿ. ಬ್ಯಾಟರಿ ತುಂಬ್ತಾ ಬಂದಂಗ ಒಳಗಿನ ನೀರು ಒಡೆದು ಹೈಡ್ರೋಜನ್ ಗ್ಯಾಸ್ ಬಿಡ್ತದ, ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಹಗುರ ಇರೋದಕ್ಕ ಮ್ಯಾಲಿನ ತಗಡಿನ ಕೆಳಗ ಹೋಗಿ ನಿಲ್ತದ. ಗಾಳಿಯೊಳಗ ನೂರಕ್ಕ 4 ಪಾಲು ಅದು ಕೂಡಿದ್ರ ಸಾಕು, ಒಂದ ಕಿಡಿ ಹಾರಿದ್ರ ಢಂ ಅಂತದ. ಬೀಡಿ ಬ್ಯಾಡ, ಊದಿನಕಡ್ಡಿ ಸೈತ ಬ್ಯಾಡ. ಗಾಡಿ ಸೀಟು ಎತ್ತಿ ಇಡ್ರಿ, ಗಾಳಿ ಆಡೋ ಕಡೆ ನಿಲ್ಲಿಸ್ರಿ. ಒಮ್ಮೊಮ್ಮೆ ಕೊಳೆತ ತತ್ತಿ ವಾಸನಿ ಬರ್ತದ, ಅಂದ್ರ ಬ್ಯಾಟರಿ ಓವರ್‌ಚಾರ್ಜ್ ಆಗಿ ಕುದ್ಯಾಕತ್ತದ ಅಂತ ತಿಳೀರಿ, ಆವಾಗ ಚಾರ್ಜರಿನ ಕ್ಲಿಪ್ ಹಿಡದು ಎಳೀಬ್ಯಾಡ್ರಿ, ಕದಾ ತೆರದು ಎಲ್ಲಾರೂ ಹೊರಗ ಬಂದು ಹೊರಗಿನ ಮೇನ್ ಸ್ವಿಚ್ ಆರಿಸ್ರಿ.

ಎರಡನೇದು ನೀರು, ನನಗ ಭಾಳ ಸಿಟ್ಟು ಬರೋದು ಇದರ ಮ್ಯಾಲನ. ನಮ್ಮ ಕಡೆ ಬೋರಿನ ನೀರು ಎಷ್ಟು ಗಡುಸು ಅಂತ ಬಕೀಟಿನ ಬಿಳಿ ಪರೆ ನೋಡಿದ್ರ ಗೊತ್ತಾಗ್ತದ, ಅದನ್ನ ತಂದು ಬ್ಯಾಟರಿಗೆ ಸುರೀತಾರ! ಆ ಉಪ್ಪು, ಕಬ್ಬಿಣ ಎಲ್ಲಾ ಬ್ಯಾಟರಿ ಒಳಗಿನ ಸೀಸದ ಪ್ಲೇಟ್ ಕೆಡಿಸ್ತಾವ. ಫಿಲ್ಟರ್ ನೀರು ನಡೀತದ ಅಂತಾರ ಕೆಲವರು, ಕುಡ್ಯಾಕ ನಡೀತದ ಬ್ಯಾಟರಿಗಲ್ಲ, ಡಿಸ್ಟಿಲ್ಡ್ ವಾಟರೇ ಹಾಕಬೇಕು. ಏಪ್ರಿಲ್ ಮೇದಾಗ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟ್ತದ, ಆವಾಗ ನೀರು ಲಗೂ ಇಳೀತದ, ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡ್ರಿ. ಮತ್ತ ಚಾರ್ಜಿಗೆ ಹಾಕೋ ಮುಂಚೆ ಪೂರ್ತಿ ತುಂಬಬ್ಯಾಡ್ರಿ, ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಹೊರಗ ಚೆಲ್ತದ. ಪ್ಲೇಟ್ ಬರಿಗಣ್ಣಿಗೆ ಕಾಣಾಕತ್ತಿದ್ರ ಅದು ಮುಳುಗೋವಷ್ಟು ಹಾಕ್ರಿ, ಉಳಿದದ್ದು ಚಾರ್ಜ್ ಮುಗಿದ ಮ್ಯಾಲ. ಆಸಿಡ್ ಅಂತೂ ಮ್ಯಾಲಿಂದ ಹಾಕಲೇಬ್ಯಾಡ್ರಿ, ಅದು ಆವಿ ಆಗೂದಿಲ್ಲ, ಕಡಿಮಿ ಆಗೋದು ನೀರಷ್ಟ.

ಬಾಡಿಗಿ ಆಸೆಕ್ಕ ಗಾಡಿ ತೆವಳೋತನಕ ಓಡಸ್ತಾರ. ಅರ್ಧಕ್ಕಿಂತ ಕೆಳಗ ದಿನಾ ಇಳಸಿದ್ರ ಬ್ಯಾಟರಿ ಆಯುಷ್ಯ ಕಡಿಮಿ ಆಗ್ತದ, ಖಾಲಿ ಮಾಡಿ ಹಂಗ ಬಿಟ್ರಂತೂ ಪ್ಲೇಟಿನ ಮ್ಯಾಲ ಸಲ್ಫೇಟ್ ಗಟ್ಟಿ ಆಗಿ ಕೂಡ್ತದ, ಆಮ್ಯಾಲ ಎಷ್ಟು ಚಾರ್ಜ್ ಮಾಡಿದ್ರೂ ಹಿಡಿಯೂದಿಲ್ಲ. ಹಬ್ಬಕ್ಕ ಊರಿಗೆ ಹೋಗೋರು ತುಂಬಿಸಿ ಹೋಗ್ರಿ. ಹೈಡ್ರೋಮೀಟರ್ ಅಂತ ಆಸಿಡ್ ಎಷ್ಟು ದಟ್ಟ ಅದ ಅಂತ ಅಳಿಯೋ ಒಂದು ಗಾಜಿನ ಕೊಳವಿ ಬರ್ತದ, ಪೂರ್ತಿ ಚಾರ್ಜ್ ಆದ ಸೆಲ್ಲಿನಾಗ, ಅಂದ್ರ ಬ್ಯಾಟರಿಯ ಒಂದೊಂದು ಖಾನೆಯೊಳಗ, ಸುಮಾರು 1.265 ರಿಂದ 1.280 ತೋರಸ್ಬೇಕು, ಒಂದ ಸೆಲ್ ಮಾತ್ರ ಭಾಳ ಕೆಳಗಿದ್ರ ಆ ಬ್ಯಾಟರಿ ಕೆಟ್ಟದ ಅಂತನ ತಿಳೀರಿ. ನಾಕರಾಗ ಒಂದ ಹೊಸಾದು ಹಾಕಿ ಉಳಿಸ್ತೀನಿ ಅನ್ನೋ ಲೆಕ್ಕ ನಡಿಯೂದಿಲ್ಲ, ಹಳೇವು ಮೂರು ಸೇರಿ ಹೊಸಾದನ್ನೂ ಎಳದು ಹಾಕ್ತಾವ.

ಕೆಲಸಕ್ಕ ಕೈ ಹಾಕೋ ಮುಂಚೆ ಉಂಗುರ, ಕಡಗ, ವಾಚ್ ತೆಗೀರಿ. ಪಾನಾಕ್ಕ ಟೇಪ್ ಸುತ್ತ್ರಿ, ಪಾನಾ ಎರಡೂ ಟರ್ಮಿನಲ್‌ಗೆ ತಾಗಿದ್ರ ಕೆಂಪಗ ಕಾದು ಕೈಗೇ ಅಂಟ್ತದ. ಬಿಚ್ಚುವಾಗ ಮೊದಲ ಮೈನಸ್, ಕೂಡಸುವಾಗ ಕಡೀಕ ಮೈನಸ್. ಕಣ್ಣಿಗೆ ಚಾಳೀಸು, ಕೈಗೆ ರಬ್ಬರ್ ಗ್ಲೌಸ್. ಆಸಿಡ್ ಕಣ್ಣಿಗೆ ಸಿಡಿದ್ರ ಉಜ್ಜಬ್ಯಾಡ್ರಿ, 15 ನಿಮಿಷ ಬಿಡದಂಗ ನೀರು ಹೊಡೆದು ಸೀದಾ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ. ನೆಲಕ್ಕ ಚೆಲ್ಲಿದ್ರ ಅಡಿಗಿ ಸೋಡಾ ಹಾಕ್ರಿ.

ಇಷ್ಟೆಲ್ಲಾ ಗಾಡಿ ಮಾರೋರು ಹೇಳಬೇಕಿತ್ತು. ಅವರು ಕೊಡೋದು ಇಂಗ್ಲಿಷಿನ ಒಂದು ಪುಸ್ತಕ, ಅದು ಸೀಟಿನ ಕೆಳಗ ಪ್ಲಾಸ್ಟಿಕ್ಕಿನಾಗ ಹಂಗ ಇರ್ತದ. ಒಂದು ಹಾಳಿ ಕನ್ನಡದಾಗ ಅಚ್ಚು ಹಾಕಿಸಿ ಗಾಡಿಗೇ ಅಂಟಿಸಿ ಕೊಟ್ರ ಎಷ್ಟು ಖರ್ಚ್ ಬರ್ತದ? ಪರ್ಮಿಟ್, ಪಾಸಿಂಗ್ ನೋಡೋ ಅಧಿಕಾರಿಗಳು ಇದನ್ನೂ ಒಂದ್ಸಲ ಕೇಳಬೇಕು, ಮತ್ತ ರಾತ್ರಿ ಚಾರ್ಜಿಗೆ ಆಟೋ ಸ್ಟ್ಯಾಂಡ್ ಬಾಜೂಕ ತಗಡಿನ ನೆರಳಿರೋ ಬಯಲು ಜಾಗಾ, ಒಂದ ಕರೆಂಟ್ ಮೀಟರ್ ಕೊಟ್ರ ಯಾರೂ ಮನಿಯೊಳಗ ಗಾಡಿ ಒಯ್ಯೂದಿಲ್ಲ.

ಹಳೇ ಬ್ಯಾಟರಿದು ಒಂದ ಮಾತು. ಆಸಿಡ್ ಗಟಾರಕ್ಕ ಚೆಲ್ಲಿ, ಸುತ್ತಿಗಿಲೆ ಒಡದು ಸೀಸ ಕರಗಿಸೋರಿಗೆ ಕೊಡಬ್ಯಾಡ್ರಿ, ಆ ಹೊಗಿ ಮೊದಲ ತಟ್ಟೋದು ಅಲ್ಲೇ ಆಡೋ ಸಣ್ಣ ಹುಡುಗ್ರಿಗೆ. 2022 ರ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಹಳೇದನ್ನ ವಾಪಸ್ ತಗೊಳ್ಳೋ ಜವಾಬ್ದಾರಿ ತಯಾರಕರದ್ದೇ ಐತಿ, ಹೊಸಾದು ತಗೊಳ್ಳುವಾಗ ಹಳೇದು ಅಂಗಡಿಗೇ ಕೊಟ್ಟು ರೇಟಿನಾಗ ಕಡಿತ ಕೇಳ್ರಿ.

— ಒಬ್ಬ ಬ್ಯಾಟರಿ ಮೆಕ್ಯಾನಿಕ್, ವಿಜಯಪುರ