ಔಷಧ ಹೊಡೆಯುವ ಮೊದಲು ಇದನ್ನು ಓದಿ

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರೆಲ್ಲರಿಗೂ ನಮಸ್ಕಾರ.

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದ ಮೇಲೆ ದಾವಣಿ (ಡೌನಿ ಮಿಲ್ಡ್ಯೂ), ಬೂದಿ ರೋಗಕ್ಕೆ ಔಷಧ ಹೊಡೆಯಲೇಬೇಕು. ಬೇಡ ಅನ್ನುತ್ತಿಲ್ಲ. ಆದರೆ ಆ ಔಷಧ ರೋಗಕ್ಕೆ ಮಾತ್ರ ತಾಗುವುದಿಲ್ಲ.

ಎಲೆ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಯೀಸ್ಟ್, ಶಿಲೀಂಧ್ರಗಳು ಇರುತ್ತವೆ. ನರಗಳ ಪಕ್ಕ, ಸಣ್ಣ ಕೂದಲಿನ ಬುಡದಲ್ಲಿ ಜಾಸ್ತಿ. ಹೆಚ್ಚಿನವು ಬಳ್ಳಿಗೆ ಏನೂ ತೊಂದರೆ ಕೊಡುವುದಿಲ್ಲ. ಕೆಲವು ಎಲೆಯಿಂದ ಸೋರುವ ಸಕ್ಕರೆ ತಿಂದು, ರೋಗದ ಶಿಲೀಂಧ್ರಕ್ಕೆ ಜಾಗವೇ ಸಿಗದ ಹಾಗೆ ಮಾಡುತ್ತವೆ. ಆಂಪೆಲೋಮೈಸಿಸ್ ಅಂತ ಒಂದು ಒಳ್ಳೆಯ ಶಿಲೀಂಧ್ರ ಇದೆ. ಅದು ಬೂದಿ ರೋಗದ ಶಿಲೀಂಧ್ರದ ಒಳಗೇ ಹೊಕ್ಕು ಬೆಳೆಯುತ್ತದೆ. ಎಲೆ ಮೇಲಿನ ಬಿಳಿ ಪುಡಿ ಮಂಕಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸವಿರಬಹುದು. ಲೆನ್ಸ್ ಹಿಡಿದು ನೋಡಿ, ನಿಜವಾಗಿ ಖುಷಿಯಾಗುತ್ತದೆ.

ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಒಳ್ಳೆಯ ಯೀಸ್ಟನ್ನೂ ಬಿಡುವುದಿಲ್ಲ. ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ್ದು) ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ದಾಳಿಂಬೆಯ ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿಗೆ ತಾಮ್ರ ಹೊಡೆಯುವುದು ಅದಕ್ಕೇ ಅಲ್ವಾ? ಆ ರೋಗಕ್ಕೆ ಶಿಲೀಂಧ್ರನಾಶಕವಾದ ಕಾರ್ಬೆಂಡಾಜಿಮ್ ಹೊಡೆದರೆ ರೋಗ ಹಾಗೇ ಇರುತ್ತದೆ, ಸುಮ್ನೆ ಒಳ್ಳೆಯ ಶಿಲೀಂಧ್ರ ಸಾಯುತ್ತದೆ.

ದಯವಿಟ್ಟು ಟ್ರೈಕೋಡರ್ಮಾ (ರೋಗ ತಡೆಯಲು ಬಳಸುವ ಒಳ್ಳೆಯ ಶಿಲೀಂಧ್ರ) ಮತ್ತು ಕಾರ್ಬೆಂಡಾಜಿಮ್ ಒಂದೇ ಟ್ಯಾಂಕಿಗೆ ಹಾಕಬೇಡಿ. ದುಡ್ಡು ಕೊಟ್ಟು ತಂದದ್ದು ಟ್ಯಾಂಕಿನಲ್ಲೇ ಹಾಳಾಗುತ್ತದೆ. ಮೋಡ, ಇಬ್ಬನಿ, ಎಲೆಯ ಹಿಂಬದಿ ನೋಡಿ ನಿರ್ಧಾರ ಮಾಡಿ. ಪಕ್ಕದ ತೋಟದವರು ಹೊಡೆದರು ಅಂತ ನಾವೂ ಹೊಡೆಯುವುದು ಬೇಡ. ಅನುಮಾನ ಬಂದರೆ ಎಲೆಯ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ, ಸೇರಿ ನೋಡೋಣ.