ಹೋಲಿಸುವ ಮೊದಲು ಷಡ್ಜ ನೋಡಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಹಿಂದೂಸ್ತಾನಿ ಗಾಯನ ಪರಂಪರೆಯಾದ ಕಿರಾನಾ ಘರಾಣೆಯ ಹಳೆಯ, ಹೊಸ ಧ್ವನಿಮುದ್ರಿಕೆಗಳನ್ನು ಹೋಲಿಸಿದ ಲೇಖನ ಚೆನ್ನಾಗಿತ್ತು. ಜೋಗಿಯಾ ರಾಗದ ‘ಪಿಯಾ ಮಿಲನ್ ಕೀ ಆಸ್’ ಠುಮ್ರಿಯನ್ನು ಅಬ್ದುಲ್ ಕರೀಂ ಖಾನರಲ್ಲೂ ಭೀಮಸೇನ ಜೋಶಿಯವರಲ್ಲೂ ಒಟ್ಟಿಗೆ ಕೇಳುವುದು ಒಳ್ಳೆಯ ಪಾಠವೇ. ಆದರೆ ಖಾನರದು ‘ತೀರಾ ತೆಳು ದನಿ, ಅವಸರದ ಲಯ’ ಎಂಬ ಲೇಖಕರ ಮಾತನ್ನು ಅಂತರ್ಜಾಲದ ಪ್ರತಿ ಕೇಳಿ ಹೇಳುವಂತಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳ ಎಷ್ಟೋ ಪ್ರತಿಗಳು ತಪ್ಪು ವೇಗದಲ್ಲಿ ಇಳಿಸಿದಂಥವು.

ಈ ತಟ್ಟೆಗಳಿಗೆ ನಿಮಿಷಕ್ಕೆ ‘78’ ಸುತ್ತು ಎನ್ನುವುದು ಬಹುಕಾಲ ಅಂದಾಜಿನ ಲೆಕ್ಕವಾಗಿತ್ತು. ನಿಮಿಷಕ್ಕೆ 74 ಸುತ್ತಿನಲ್ಲಿ ಕೊರೆದ ತಟ್ಟೆಯನ್ನು 78ರಲ್ಲಿ ತಿರುಗಿಸಿದರೆ ಷಡ್ಜ, ಅಂದರೆ ಗಾಯಕರ ಆಧಾರಸ್ವರ ‘ಸ’, ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಒಂದು ಮನೆ (ಅರ್ಧ ಸ್ವರ) ಮೇಲೇರುತ್ತದೆ, ಲಯ ಶೇ 5ರಷ್ಟು ಓಡುತ್ತದೆ, ದನಿಯ ತೂಕವೂ ಇಳಿಯುತ್ತದೆ. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ 1930ರ ದಶಕದ ತಟ್ಟೆಗಳಲ್ಲಿ ಎಳೆಯ, ಏರುದನಿ ಇದೆ. ಗಂಟಲಿನ ಚಿಕಿತ್ಸೆಯ ನಂತರದ ಗಂಭೀರ ಕಂಠ ನಮಗೆಲ್ಲ ಪರಿಚಿತ. ಎರಡರ ನಡುವಿನ ಅಂತರ ನಿಜವೇ. ಆದರೆ ಅದರಲ್ಲಿ ಕಂಠದ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಬಿಡಿಸದೆ ಬರೆದರೆ ಗಾಯಕಿಗೆ ಅನ್ಯಾಯ.

ಪರೀಕ್ಷೆ ಕಷ್ಟವಲ್ಲ. ಒಂದೇ ದಿನ ಮುದ್ರಿಸಿದ ಎರಡು ಬದಿಗಳಲ್ಲಿ ಷಡ್ಜ ಬೇರೆಬೇರೆ ಬಂದರೆ ಅನುಮಾನಿಸಿ. ಹಾಡಿನ ಕೊನೆಗೆ ಕಲಾವಿದರು ಹೆಸರು ಹೇಳುವ ರೂಢಿಯಿದ್ದ ಕಾಲದ ತಟ್ಟೆಯಾದರೆ ಆ ಮಾತನ್ನು ಕೇಳಿ. ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಆ ಕಾಲದ ಗಾಯಕಿ ಹೇಳುವುದು ಮಗುವಿನ ಕೀಚಲಿನಂತೆ ಕೇಳಿದರೆ ವೇಗ ಜಾಸ್ತಿಯಾಗಿದೆ. ಇನ್ನು, ನಡುರಂಧ್ರ ಓರೆಯಾಗಿದ್ದರೆ ಪ್ರತಿ ಸುತ್ತಿಗೊಮ್ಮೆ, ಅಂದರೆ ಸುಮಾರು 0.77 ಸೆಕೆಂಡಿಗೊಮ್ಮೆ, ನಿಂತ ಸ್ವರವೂ ತೂಗಾಡುತ್ತದೆ. ಇದನ್ನೇ ‘ಆಂದೋಲನ’ (ಗಾಯಕರು ಬೇಕೆಂದೇ ಸ್ವರ ತೂಗಿಸುವುದು) ಎಂದು ಮೆಚ್ಚಿದವರುಂಟು! ಗಾಯಕರ ಆಂದೋಲನ ಹೀಗೆ ಗಡಿಯಾರ ಹಿಡಿದು ಬರುವುದಿಲ್ಲ, ಜೊತೆಯಲ್ಲಿ ಹಾರ್ಮೋನಿಯಂ ಕೂಡ ತೂಗುವುದಿಲ್ಲ.

ಸರಿಪಡಿಸಲು ಆಡಾಸಿಟಿಯಂಥ ತಂತ್ರಾಂಶದಲ್ಲಿ ಶ್ರುತಿ, ಲಯ ಎರಡನ್ನೂ ಒಟ್ಟಿಗೆ ಬದಲಿಸುವ ‘ಸ್ಪೀಡ್’ ಆಯ್ಕೆಯನ್ನೇ ಬಳಸಬೇಕು. ಒಂದು ಮನೆ ಇಳಿಸಲು ಶೇ 5.6 ಕಡಿತ, 3 ನಿಮಿಷ 10 ಸೆಕೆಂಡಿನ ಹಾಡು ಆಗ 3 ನಿಮಿಷ 21 ಸೆಕೆಂಡಾಗುತ್ತದೆ. ಯೂಟ್ಯೂಬಿನ ವೇಗದ ಗುಂಡಿ ಶ್ರುತಿಯನ್ನು ಇದ್ದಲ್ಲೇ ಬಿಡುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಸರಸರ ಸದ್ದನ್ನು ಪೂರ್ತಿ ಒರೆಸಿದ ಪ್ರತಿಗಳೂ ಬೇಡ. ಸದ್ದಿನ ಜೊತೆಗೆ ತಂಬೂರಿಯ ಜವಾರಿಯೂ, ಅಂದರೆ ತಂತಿಯ ಝೇಂಕಾರವೂ, ಹೋಗಿರುತ್ತದೆ. ತಟ್ಟೆಯಿಂದ ನೀವೇ ಇಳಿಸುವುದಾದರೆ ಎಲ್‌ಪಿ ಮುಳ್ಳು ಹಾಕಬೇಡಿ. ಅದರ ತುದಿ ಸುಮಾರು 18 ಮೈಕ್ರಾನ್, 78ರ ಗೀರಿಗೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳು ಗೀರಿನ ತಳದ ಕಸವನ್ನೇ ನುಡಿಸುತ್ತದೆ.

ಮೂರು ನಿಮಿಷದ ತಟ್ಟೆಯನ್ನು ನಲವತ್ತು ನಿಮಿಷದ ಕಛೇರಿಯ ಎದುರು ಇಟ್ಟು ‘ವಿಸ್ತಾರ ಸಾಲದು’ ಎನ್ನುವುದೂ ಸಲ್ಲ. ಮುಖಡಾ (ಹಾಡಿನ ಮೊದಲ ಸಾಲು) ಹಿಡಿಯುವ ಬಗೆ, ಸ್ವರದ ಮೇಲೆ ನಿಲ್ಲುವ ರೀತಿ, ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬರುವ ದಾರಿಯನ್ನಷ್ಟೇ ಹೋಲಿಸಿದರೆ ಸಾಕು. ಮುಂದಿನ ಕಂತಿನಲ್ಲಿ ಲೇಖಕರು ಪ್ರತಿ ಮುದ್ರಿಕೆಯ ಕಂಪನಿ, ತಟ್ಟೆಯ ಸಂಖ್ಯೆ, ತಾವು ಕೇಳಿದ ಪ್ರತಿಯ ಷಡ್ಜ ಯಾವ ಮನೆ ಎಂಬುದನ್ನು ನಮೂದಿಸಲಿ.

– ಓದುಗ, ಧಾರವಾಡ