ಸ್ಪಿತಿ ಪ್ರವಾಸದ ದಾರಿ ಬದಲಾಗಿದೆ: ಶಿಮ್ಲಾ ಕಡೆಯಿಂದ ಏರಿ ಮನಾಲಿಗೆ ಇಳಿಯೋಣ

ಉಡುಪಿ

ಪ್ರಿಯ ಗ್ರಾಹಕರೇ,

ಜೂನ್ ಕೊನೆಯ ವಾರದ, ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಪ್ರವಾಸಕ್ಕೆ ಹೆಸರು ಕೊಟ್ಟಿರುವ ಎಲ್ಲರ ಗಮನಕ್ಕೆ. ಈವರೆಗೆ ಮನಾಲಿಯಿಂದ ಹೊರಟು ಶಿಮ್ಲಾದಲ್ಲಿ ಮುಗಿಯುತ್ತಿದ್ದ ಪ್ರವಾಸ ಈ ವರ್ಷದಿಂದ ಶಿಮ್ಲಾದಲ್ಲಿ ಶುರುವಾಗಿ ಮನಾಲಿಯಲ್ಲಿ ಮುಗಿಯುತ್ತದೆ. ಎರಡು ದಿನ ಹೆಚ್ಚು, ತಲಾ 4,800 ರೂಪಾಯಿ ಹೆಚ್ಚು.

ಕಾರಣ ಎತ್ತರ. ಮನಾಲಿ ಇರುವುದು ಸುಮಾರು 2,050 ಮೀಟರ್‌ನಲ್ಲಿ. ಅಲ್ಲಿಂದ ಒಂದೇ ಹಗಲಲ್ಲಿ 4,250 ಮೀಟರ್‌ನ ಚಂದ್ರತಾಲ ಸರೋವರಕ್ಕೆ ಹೋಗಿ ಮಲಗುವುದು ಕಡಲ ಮಟ್ಟದಲ್ಲಿ ಬದುಕುವ ನಮ್ಮ ಮೈಗೆ ತೀರಾ ಹೆಚ್ಚಾಯಿತು. ಮಲ್ಪೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಶೇಕಡಾ 60ರಷ್ಟು ಮಾತ್ರ ಅಲ್ಲಿ ಸಿಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎನ್ನುವುದು ವೈದ್ಯರ ಲೆಕ್ಕ. ಕುದುರೆಮುಖ ಸಲೀಸಾಗಿ ಹತ್ತುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಆ ಶಿಖರವೇ 1,894 ಮೀಟರ್, ಕಾಲಿನ ಕಸುವಿಗೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ.

ಹೊಸ ದಾರಿಯಲ್ಲಿ ಶಿಮ್ಲಾ ಒಂದು ರಾತ್ರಿ, ಕಲ್ಪಾ ಎರಡು, ತಾಬೊ ಒಂದು (3,280 ಮೀಟರ್), ಕಾಜಾ ಮೂರು (3,650), ಚಂದ್ರತಾಲ ಒಂದು, ಮನಾಲಿ ಒಂದು. ಕಾಜಾದಿಂದ ಚಂದ್ರತಾಲಕ್ಕೆ 600 ಮೀಟರ್ ಏರಿಕೆ, ಲೆಕ್ಕಕ್ಕಿಂತ ತುಸು ಜಾಸ್ತಿಯೇ. ಅದಕ್ಕಾಗಿಯೇ ಕಾಜಾದಲ್ಲಿ ಮೂರು ರಾತ್ರಿ ಇಟ್ಟಿದ್ದೇವೆ. ಹಗಲು ಲಾಂಗ್‌ಝಾ, ಕೋಮಿಕ್ ಹಳ್ಳಿಗಳ ಕಡೆ 4,400 ಮೀಟರ್‌ಗೂ ಮೇಲೆ ನಡೆದು, ಮಲಗಲು ಕೆಳಗೆ ಬರುತ್ತೇವೆ. ಎತ್ತರಕ್ಕೆ ಮೈ ಒಗ್ಗುವುದು ಹೀಗೆಯೇ.

ಇನ್ನೊಂದು ಅನುಕೂಲವಿದೆ. ಕಾಜಾದಲ್ಲಿ ಯಾರಿಗಾದರೂ ತಲೆನೋವು, ವಾಂತಿ ಶುರುವಾದರೆ ತಾಬೊ ಕಡೆಗೆ ತಕ್ಷಣ ಇಳಿಸಬಹುದು. ಚಂದ್ರತಾಲದಿಂದ ಹಾಗೆ ಇಳಿಸಲಾಗದು: ಒಂದು ಕಡೆ 4,551 ಮೀಟರ್‌ನ ಕುಂಜುಮ್ ಕಣಿವೆದಾರಿ, ಇನ್ನೊಂದು ಕಡೆ ಬಂಡೆಗಲ್ಲಿನ ರಸ್ತೆ. ತಲೆನೋವು ಇದ್ದವರನ್ನು ಮೇಲಕ್ಕೆ ಕರೆದೊಯ್ಯುವುದಿಲ್ಲ. ದಯವಿಟ್ಟು ಯಾರೂ ಮುಚ್ಚಿಡಬೇಡಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ನಡುರಾತ್ರಿಯಾದರೂ ಇಳಿಸುತ್ತೇವೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ನಿಮ್ಮ ಡಾಕ್ಟರರನ್ನೇ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮದ್ಯ, ನಿದ್ರೆ ಮಾತ್ರೆ ಬೇಡ.

ಕಾಜಾದಿಂದ ಬೆಳಿಗ್ಗೆ 5ಕ್ಕೆ, ಚಂದ್ರತಾಲದಿಂದಲೂ ಅದೇ ಹೊತ್ತಿಗೆ ಗಾಡಿ ಹೊರಡುತ್ತದೆ. ಬಿಸಿಲೇರಿದಂತೆ ಹಿಮ ಕರಗಿ, ಮನಾಲಿ ದಾರಿಯ ಬಾತಲ್, ಛತ್ರು ನಡುವಿನ ತೊರೆಗಳು ಮಧ್ಯಾಹ್ನ ರಸ್ತೆಯ ಮೇಲೆಯೇ ಉಕ್ಕುತ್ತವೆ. ಬೆಳಿಗ್ಗೆ ಚಕ್ರ ಅರ್ಧ ಮುಳುಗುವಲ್ಲಿ ಸಂಜೆ ಗಾಡಿಯೇ ಸಿಕ್ಕಿಬೀಳಬಹುದು. ಕುಂಜುಮ್ ಹಿಮದಿಂದ ಮುಚ್ಚಿದ್ದರೆ ಬಂದ ದಾರಿಯಲ್ಲೇ ಹಿಂತಿರುಗುತ್ತೇವೆ. ಚಂದ್ರತಾಲದ ಡೇರೆಯ ಹಣ ವಾಪಸ್.

ಸಾಮಾನು: ಹಿಮ್ಮಡಿಗಂಟು ಮುಚ್ಚುವ, ನೀರಿಳಿಯದ ಬೂಟು, ಮನೆಯಲ್ಲೇ ಎರಡು ವಾರ ಹಾಕಿ ಪಳಗಿಸಿದ್ದು. ಹತ್ತಿ ಬನಿಯನ್ ಬೇಡ, ಬೆವರು ಒಣಗದೆ ಚಳಿ ಹಿಡಿಯುತ್ತದೆ. ಅತಿನೇರಳೆ ಕಿರಣ (ಯುವಿ) ತಡೆಯುವ ಕಪ್ಪು ಕನ್ನಡಕ ಕಡ್ಡಾಯ. ಹೊಸ ಹಿಮ ಬಿಸಿಲಿನ ಯುವಿಯನ್ನು ಶೇಕಡಾ 80ರವರೆಗೆ ಕಣ್ಣಿಗೇ ತಿರುಗಿಸುತ್ತದೆ. ಕುಚ್ಚಲಕ್ಕಿ ಗಂಜಿ ಕೇಳುವವರಿದ್ದಾರೆ. ಚಂದ್ರತಾಲದಲ್ಲಿ ನೀರು 86 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅದು ಬೇಯದು, ಕಾಜಾವರೆಗೆ ಮಾತ್ರ ಕೊಡಬಲ್ಲೆವು.

ಹೊಸ ದಿನಗಳು ಹೊಂದದವರು ಮೇ 15ರೊಳಗೆ ಕಚೇರಿಗೆ ತಿಳಿಸಿದರೆ ಮುಂಗಡ ಪೂರ್ತಿ ಹಿಂತಿರುಗಿಸುತ್ತೇವೆ. ಬರುವವರು ಅಷ್ಟರೊಳಗೆ ರಕ್ತದೊತ್ತಡ, ಹೃದಯ, ಆಸ್ತಮಾ ಕುರಿತ ವೈದ್ಯರ ಚೀಟಿ ತಂದುಕೊಡಿ.

ಇಂತು,
ಪ್ರವಾಸ ವಿಭಾಗ